ಸಚಿನ್ ಚಿತ್ರದ ಹಿಂದೆ ಇದ್ದ ಪತ್ರ

(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಾಚನಾಲಯದ ಮಿತ್ರರು ನನಗೆ ಕೊಟ್ಟಿರುವ ವಿಷಯ ‘ಯುದ್ಧವಿರೋಧಿ ಬರಹಗಳು’ ಎಂಬುದು. ನಾನು ಅದನ್ನು ಸ್ವಲ್ಪ ಕಿರಿದುಗೊಳಿಸಿಕೊಳ್ಳುತ್ತೇನೆ. ಯುದ್ಧದ ವಿರುದ್ಧ ಬರೆದವರ ಕುರಿತು ಸಾಕಷ್ಟು ಭಾಷಣಗಳಾಗಿವೆ. ಹಾಗೆ ಬರೆದುದನ್ನು ತೆಗೆದಿರಿಸಿದವರ ಕುರಿತು ಮಾತನಾಡುವವರು ಕಡಿಮೆ. ಇಂದು ಅವರ ಬಗ್ಗೆ ಹೇಳಬೇಕೆಂದಿದ್ದೇನೆ. ಆದರೆ ಅದಕ್ಕೆ ಮೊದಲು ನನ್ನ ಮನೆಯ ಒಂದು ಸಣ್ಣ ಸಂಗತಿಯನ್ನು ನಿಮ್ಮ ಮುಂದಿಡಲು ಅನುಮತಿ ಕೊಡಿ.

2003ರಲ್ಲಿ ನಾನು ಕಾಲೇಜು ವಿದ್ಯಾರ್ಥಿ. ಕ್ರಿಕೆಟ್ ಎಂದರೆ ಹುಚ್ಚು. ಪತ್ರಿಕೆಯಲ್ಲಿ ಬಂದ ಆಟಗಾರರ ಚಿತ್ರಗಳನ್ನು ಕತ್ತರಿಸಿ, ಮೈದಾ ಕುದಿಸಿ ಮಾಡಿದ ಅಂಟಿನಿಂದ ಉದ್ದನೆಯ ಲೆಕ್ಕದ ಪುಸ್ತಕವೊಂದಕ್ಕೆ ಅಂಟಿಸುತ್ತಿದ್ದೆ. ಉಮ್ಮನಿಗೆ ಹಳೆಯ ಪತ್ರಿಕೆಗಳೆಂದರೆ ತಿಂಗಳ ಕೊನೆಗೆ ಗುಜರಿಯವನಿಗೆ ತೂಕ ಹಾಕಿ ಕೊಡುವ ಸರಕು. ನಾನು ಕತ್ತರಿ ಹಿಡಿದರೆ ತೂಕ ಕಡಿಮೆಯಾಗುತ್ತದೆಂದು ಅವರು ಗೊಣಗುತ್ತಿದ್ದರು. ಆ ವರ್ಷದ ವಿಶ್ವಕಪ್‌ನಲ್ಲಿ ಸಚಿನ್ ತೆಂಡುಲ್ಕರ್ 673 ರನ್ ಗಳಿಸಿದ್ದರು. ಮಾರ್ಚ್ 23ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಫೈನಲ್. ಆಸ್ಟ್ರೇಲಿಯಾ 359 ರನ್ ಪೇರಿಸಿತು. ಸಚಿನ್ ನಾಲ್ಕಕ್ಕೆ ಔಟಾದರು. ನಾವು 125 ರನ್‌ಗಳಿಂದ ಸೋತೆವು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನದ ಪತ್ರಿಕೆಯಲ್ಲಿ ತಲೆ ತಗ್ಗಿಸಿ ಹಿಂದಿರುಗುವ ಸಚಿನ್‌ರ ಚಿತ್ರವಿತ್ತು. ಅದನ್ನೂ ಕತ್ತರಿಸಿ ಅಂಟಿಸಿದೆ.

ಅದೇ ವಾರ ಮಾರ್ಚ್ 20ರಂದು ಇರಾಕಿನ ಮೇಲೆ ಅಮೆರಿಕ ಮತ್ತು ಬ್ರಿಟನ್ ದಾಳಿ ಆರಂಭಿಸಿದ್ದವು. ಅದಕ್ಕೆ ಒಂದು ತಿಂಗಳ ಹಿಂದೆ, ಫೆಬ್ರವರಿ 15ರಂದು, ಜಗತ್ತಿನ ನೂರಾರು ನಗರಗಳಲ್ಲಿ ಜನರು ಬೀದಿಗಿಳಿದು ಯುದ್ಧ ಬೇಡವೆಂದಿದ್ದರು. ಇವೆಲ್ಲ ನನಗೆ ತಿಳಿದಿರಲಿಲ್ಲ ಎನ್ನಲಾರೆ. ತಿಳಿದಿತ್ತು. ಆದರೆ ಊಟ ಬಿಟ್ಟದ್ದು ಕ್ರಿಕೆಟಿಗಾಗಿ.

ಇಷ್ಟು ವರ್ಷಗಳ ಬಳಿಕ, ಕಳೆದ ಮಳೆಗಾಲದಲ್ಲಿ, ನನ್ನ ಮಗಳು ಅಟ್ಟದಿಂದ ಆ ಪುಸ್ತಕವನ್ನು ಕೆಳಗಿಳಿಸಿದಳು. ಮೈದಾ ಅಂಟು ಒಣಗಿ ಪುಡಿಯಾಗಿತ್ತು, ಸಚಿನ್ ಚಿತ್ರ ತಾನಾಗಿ ಕಳಚಿ ಅವಳ ಕೈಗೆ ಬಂತು. ಅವಳು ಅದನ್ನು ತಿರುಗಿಸಿ ಓದತೊಡಗಿದಳು. ಹಿಂಬದಿಯಲ್ಲಿದ್ದುದು ಓದುಗರ ಪತ್ರ. ಬರೆದವರು ಒಬ್ಬ ತಾಯಿ. ಅವರ ಮಗ ಕುವೈತ್‌ನಲ್ಲಿ ದುಡಿಯುತ್ತಿದ್ದ. ನಿಮಗೆ ನೆನಪಿರಬಹುದು, ಆ ದಿನಗಳಲ್ಲಿ ಇರಾಕಿನಿಂದ ಕುವೈತ್ ಕಡೆಗೂ ಕ್ಷಿಪಣಿಗಳು ಹಾರಿದ್ದವು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಫೋನು ಸದ್ದು ಮಾಡಿದರೆ ಎದೆ ನಡುಗುತ್ತಿತ್ತು. ತನಗೆ ನಿದ್ದೆ ಬರುತ್ತಿಲ್ಲವೆಂದು ಆ ತಾಯಿ ಬರೆದಿದ್ದರು. ಮಗನಿಗಾಗಿ ಎಚ್ಚರವಿರುವ ತನಗೆ, ಬಾಂಬು ಬೀಳುತ್ತಿರುವ ಬಸ್ರಾದಲ್ಲೂ ಇಂಥದೇ ಒಬ್ಬ ತಾಯಿ ಎಚ್ಚರವಿರುವುದು ಗೊತ್ತಿದೆ ಎಂದಿದ್ದರು. ಮುಂದೆ ಏನೋ ಒಂದು ಮಾತು ಆರಂಭವಾಗಿ, ಅಲ್ಲಿಗೆ ನನ್ನ ಕತ್ತರಿ ಹಾದುಹೋಗಿತ್ತು. ಕೊನೆಯ ಸಾಲುಗಳಿಲ್ಲ, ಹೆಸರಿಲ್ಲ, ಊರಿಲ್ಲ.

ಮಗಳು ಕೇಳಿದಳು, “ಇದನ್ನು ಯಾರು ಬರೆದದ್ದು?” ನನ್ನಲ್ಲಿ ಉತ್ತರವಿರಲಿಲ್ಲ.

ಸೋದರ ಸೋದರಿಯರೇ, ಯುದ್ಧವಿರೋಧಿ ಬರಹಗಳೆಲ್ಲ ಸರ್ವಾಧಿಕಾರಿಗಳು ಸುಟ್ಟು ಹಾಕಿದ್ದರಿಂದ ನಾಶವಾದವು ಎಂಬ ಕಲ್ಪನೆ ನಮ್ಮಲ್ಲಿದೆ. ಅದು ಅರ್ಧ ಸತ್ಯ ಮಾತ್ರ. ಎಷ್ಟೋ ಬರಹಗಳು ಹೋದದ್ದು ಮನೆಯವರ ಹಿಂಜರಿಕೆಯಿಂದ, ಗುಜರಿಯವನ ತಕ್ಕಡಿಯಿಂದ, ನನ್ನಂಥವರ ಕತ್ತರಿಯಿಂದ.

ಮಾರ್ಕ್ ಟ್ವೈನ್‌ರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಟಾಮ್ ಸಾಯರ್, ಹಕಲ್‌ಬೆರಿ ಫಿನ್ ಕತೆಗಳ ಟ್ವೈನ್. ಅಮೆರಿಕದ ಮನೆಮನೆಯಲ್ಲೂ ನಗುವಿಗೆ ಮತ್ತೊಂದು ಹೆಸರಾಗಿದ್ದ ಮನುಷ್ಯ. ಅದೇ ಟ್ವೈನ್ 1901ರಿಂದ 1910ರಲ್ಲಿ ತೀರಿಕೊಳ್ಳುವ ತನಕ ಸಾಮ್ರಾಜ್ಯಶಾಹಿ ವಿರೋಧಿ ಸಂಘದ ಉಪಾಧ್ಯಕ್ಷರಾಗಿದ್ದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸ್ಪೇನಿನ ವಿರುದ್ಧ ಗೆದ್ದ ಅಮೆರಿಕ, ಫಿಲಿಪ್ಪೀನ್ಸ್ ದ್ವೀಪಗಳನ್ನು ತನ್ನದಾಗಿಸಿಕೊಂಡು, ಸ್ವಾತಂತ್ರ್ಯ ಕೇಳಿದ ಅಲ್ಲಿನ ಜನರ ಮೇಲೆಯೇ 1899ರಲ್ಲಿ ಯುದ್ಧಕ್ಕಿಳಿಯಿತು. ಟ್ವೈನ್ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಕೆಲವು ಲೇಖನಗಳನ್ನು ಪ್ರಕಟಿಸಿ ಬೈಗುಳವನ್ನೂ ತಿಂದರು.

ಆದರೆ ಎಲ್ಲವನ್ನೂ ಪ್ರಕಟಿಸಲಿಲ್ಲ. 1905ರಲ್ಲಿ ಅವರು ‘ಯುದ್ಧ ಪ್ರಾರ್ಥನೆ’ ಎಂಬ ಪುಟ್ಟ ಕತೆ ಬರೆದರು. ಚರ್ಚೊಂದರಲ್ಲಿ ಜನರು ತಮ್ಮ ಸೈನಿಕರ ಗೆಲುವಿಗಾಗಿ ಮೊರೆಯಿಡುತ್ತಿದ್ದಾರೆ. ಅಪರಿಚಿತ ಮುದುಕನೊಬ್ಬ ಒಳಬಂದು, ನೀವು ಬಾಯಿಬಿಟ್ಟು ಹೇಳಿದ್ದು ಪ್ರಾರ್ಥನೆಯ ಅರ್ಧ ಮಾತ್ರ, ಹೇಳದೆ ಉಳಿದ ಅರ್ಧವನ್ನು ಕೇಳಿ ಎನ್ನುತ್ತಾನೆ. ನಮ್ಮ ಗೆಲುವನ್ನು ಬೇಡುವುದೆಂದರೆ ಇನ್ನೊಂದು ಊರಿನ ಮಕ್ಕಳು ಅನಾಥರಾಗಲಿ, ಮನೆಗಳು ಉರಿಯಲಿ ಎಂದು ಬೇಡಿದಂತೆ ಎಂಬುದನ್ನು ಬಿಡಿಸಿ ಹೇಳುತ್ತಾನೆ. ಜನ ಅವನನ್ನು ಹುಚ್ಚನೆಂದು ತೀರ್ಮಾನಿಸುತ್ತಾರೆ. ಇಷ್ಟೇ ಕತೆ. ಟ್ವೈನ್ ಇದನ್ನು ಕಳಿಸಿದ್ದು ‘ಹಾರ್ಪರ್ಸ್ ಬಜಾರ್’ ಎಂಬ ಮಹಿಳಾ ಪತ್ರಿಕೆಗೆ. ಹೆಂಗಸರ ಪತ್ರಿಕೆಗೆ ಇದು ಹೊಂದುವುದಿಲ್ಲವೆಂದು ಅವರು ಹಿಂದಿರುಗಿಸಿದರು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಳ್ಳುವ ಹೆಂಗಸರಿಗೆ ಯುದ್ಧದ ಕತೆ ಹೊಂದುವುದಿಲ್ಲವಂತೆ! ಮನೆಯಲ್ಲಿ ಮಗಳು ಜೀನ್‌ಗೂ ಟ್ವೈನ್ ಓದಿ ಹೇಳಿದ್ದರು. ಇದನ್ನು ಅಚ್ಚು ಹಾಕಿಸಬೇಡಿ, ದೈವನಿಂದೆಯೆಂದು ಜನ ತಿಳಿದಾರು ಎಂಬುದು ಮನೆಯವರ ಸಲಹೆ. ಲೋಕವನ್ನೇ ಗೇಲಿ ಮಾಡಿದ ಆ ಧೈರ್ಯಶಾಲಿ ಮನೆಮಂದಿಯ ಮಾತಿಗೆ ತಲೆಬಾಗಿ, ತಾನು ಸತ್ತ ಬಳಿಕ ಪ್ರಕಟವಾದರೆ ಆಗಲಿ ಎಂದು ಅದನ್ನು ಒಳಗಿಟ್ಟುಬಿಟ್ಟರು. ಅದು ಪುಸ್ತಕದಲ್ಲಿ ಬಂದದ್ದು 1923ರಲ್ಲಿ. ಅಷ್ಟರಲ್ಲಿ ಒಂದು ಮಹಾಯುದ್ಧವೇ ಆಗಿಹೋಗಿತ್ತು.

ನಾನು ಆ ಮಗಳನ್ನು ದೂರುವುದಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ತಾನೇ? ‘ನಿನಗೇಕೆ ಊರ ಉಸಾಬರಿ’ ಎಂದು ನಾವು ಮಕ್ಕಳಿಗೆ ಹೇಳುವುದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಗೂ ಒಂದು ಬೆಲೆಯಿದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಹಿ. ಫಿಲಿಪ್ಪೀನ್ಸ್‌ನ ದಕ್ಷಿಣದಲ್ಲಿ ಜೋಲೋ ಎಂಬ ದ್ವೀಪವಿದೆ. ಅಲ್ಲಿನವರು ಮೋರೋ ಎಂದು ಕರೆಯಲಾಗುವ ಮುಸ್ಲಿಮರು. 1906ರ ಮಾರ್ಚ್‌ನಲ್ಲಿ ಬುದ್ ದಾಹೋ ಎಂಬ ಆರಿಹೋದ ಜ್ವಾಲಾಮುಖಿಯ ಬಾಯಿಯಲ್ಲಿ ಆಶ್ರಯ ಪಡೆದಿದ್ದ ಮೋರೋಗಳ ಮೇಲೆ ಜನರಲ್ ಲಿಯೋನಾರ್ಡ್ ವುಡ್‌ನ ಅಧೀನದ ಪಡೆಗಳು ದಾಳಿ ಮಾಡಿದವು. ಹೆಂಗಸರು ಮಕ್ಕಳೆನ್ನದೆ ಕೊಂದರು. ಸತ್ತವರು 600 ಎಂಬುದು ಅಂದಿನ ವರದಿ, ಬಳಿಕದ ಅಂದಾಜುಗಳು ಸಾವಿರದ ಹತ್ತಿರಕ್ಕೆ ಹೋಗುತ್ತವೆ. ಅಮೆರಿಕನ್ನರ ಕಡೆಯಲ್ಲಿ ಸತ್ತವರು ಇಪ್ಪತ್ತರ ಆಸುಪಾಸು. ಅಧ್ಯಕ್ಷ ರೂಸ್‌ವೆಲ್ಟ್ ಅಭಿನಂದನೆಯ ತಂತಿ ಕಳಿಸಿದರು.

ಟ್ವೈನ್ ಆಗ ತಮ್ಮ ಆತ್ಮಚರಿತ್ರೆಯನ್ನು ಹೇಳಿ ಬರೆಸುತ್ತಿದ್ದರು. ಮಾರ್ಚ್ 12ರಂದು ಅವರು ಈ ಸುದ್ದಿಯನ್ನೇ ಕೈಗೆತ್ತಿಕೊಂಡರು. ಗಮನಿಸಿ, ಅವರು ಮಾಡಿದ್ದು ಪತ್ರಿಕೆಗಳನ್ನು ಮುಂದಿಟ್ಟುಕೊಂಡು ಒಂದೊಂದೇ ತಲೆಬರಹವನ್ನು ಪರೀಕ್ಷಿಸುವ ಕೆಲಸ. ಸಂಪಾದಕರು ಏನೆಂದರು ಎಂದು ನೋಡಿದರು. ಮೌನ. ಓದುಗರ ಪತ್ರಗಳ ಅಂಕಣವನ್ನು ಹುಡುಕಿದರು. ಸಣ್ಣಪುಟ್ಟದ್ದಕ್ಕೆಲ್ಲ ಸಂಪಾದಕರಿಗೆ ಪತ್ರ ಬರೆದು ಕೂಗಾಡುವ ಜನ ಅಲ್ಲೂ ಮೌನ. ಆ ಮೌನವೇ ಅವರನ್ನು ಹೆಚ್ಚು ನೋಯಿಸಿದಂತೆ ಕಾಣುತ್ತದೆ. ಆದರೆ ಟ್ವೈನ್‌ರ ಈ ಮಾತುಗಳೂ ಅವರು ಬದುಕಿರುವಾಗ ಹೊರಬರಲಿಲ್ಲ. ಅವು ಪುಸ್ತಕದಲ್ಲಿ ಕಾಣಿಸಿಕೊಂಡದ್ದು 1924ರಲ್ಲಿ. ಮೌನವನ್ನು ಖಂಡಿಸಿದ ಮಾತೇ ಹದಿನೆಂಟು ವರ್ಷ ಮೌನವಾಗಿತ್ತು. ಫಿಲಿಪ್ಪೀನ್ಸ್ ಯುದ್ಧದ ಬಗ್ಗೆ ಅವರು ಬರೆದುದನ್ನೆಲ್ಲ ಒಂದೆಡೆ ಸೇರಿಸಿ ಜಿಮ್ ಜ್ವಿಕ್ ಎಂಬ ಸಂಶೋಧಕರು ಪುಸ್ತಕವಾಗಿ ಹೊರತಂದದ್ದು 1992ರಲ್ಲಿ. ಲೆಕ್ಕ ಹಾಕಿ ನೋಡಿ.

ಬುದ್ ದಾಹೋದ ಒಂದು ಛಾಯಾಚಿತ್ರ ಉಳಿದಿದೆ. ಕಂದಕದ ತುಂಬ ಹೆಣಗಳು, ಸುತ್ತ ನಿಂತ ಸೈನಿಕರು. ಸಾಮ್ರಾಜ್ಯಶಾಹಿ ವಿರೋಧಿ ಸಂಘದವರು ಅದನ್ನು ಹಂಚಿದರು. 1907ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಕಪ್ಪು ಜನಾಂಗದ ಮಹಾ ವಿದ್ವಾಂಸ ಡಬ್ಲ್ಯು.ಇ.ಬಿ. ಡು ಬೋಯಿಸ್ ಸಂಘದ ಅಧ್ಯಕ್ಷ ಮೂರ್‌ಫೀಲ್ಡ್ ಸ್ಟೋರಿಗೆ ಪತ್ರ ಬರೆದರು. ಈ ಚಿತ್ರದ ದೊಡ್ಡ ಪ್ರತಿ ಸಿಗಬಹುದೇ, ಚೌಕಟ್ಟು ಹಾಕಿಸಿ ನನ್ನ ತರಗತಿಯ ಗೋಡೆಯಲ್ಲಿ ತೂಗುಹಾಕಬೇಕು, ಗೆದ್ದು ಆಳುವ ಯುದ್ಧವೆಂದರೆ ಏನೆಂಬುದನ್ನು ವಿದ್ಯಾರ್ಥಿಗಳು ನೋಡಲಿ ಎಂಬುದು ಆ ಪತ್ರದ ತಾತ್ಪರ್ಯ. ಅದು ಅವರ ಜನಾಂಗದ ಮೇಲೆ ನಡೆದ ಹತ್ಯೆಯಲ್ಲ. ಅವರ ಧರ್ಮದವರ ಮೇಲೆ ನಡೆದದ್ದೂ ಅಲ್ಲ. ಸಾವಿರಾರು ಮೈಲಿ ದೂರದ, ತಾನೆಂದೂ ಕಾಣದ ಮೋರೋಗಳ ಚಿತ್ರವನ್ನು ಒಬ್ಬ ಮೇಷ್ಟ್ರು ತನ್ನ ಗೋಡೆಗೆ ಬೇಡಿದರು. ನಮ್ಮ ಸಮುದಾಯದ ಮನೆಗಳಲ್ಲಿ ನೋವಿನ ಚಿತ್ರಗಳಿಗೇನೂ ಬರವಿಲ್ಲ. ಆದರೆ ನಮ್ಮದಲ್ಲದ ನೋವಿನ ಒಂದು ಚಿತ್ರ, ಒಂದು ಬರಹ ನಮ್ಮ ಕಪಾಟಿನಲ್ಲಿದೆಯೇ? ಈ ಪ್ರಶ್ನೆ ಮೊದಲು ನನಗೇ. 2024ರಲ್ಲಿ ಕಿಮ್ ವ್ಯಾಗ್ನರ್ ಎಂಬ ಇತಿಹಾಸಕಾರರು ಆ ಹತ್ಯಾಕಾಂಡದ ಬಗ್ಗೆ ಇಡೀ ಪುಸ್ತಕವನ್ನೇ ಪ್ರಕಟಿಸಿದ್ದಾರೆ. ಆ ಚಿತ್ರ ಉಳಿಯದಿದ್ದರೆ ಇದೂ ಸೈನ್ಯದ ಕಡತದಲ್ಲಿ ಮತ್ತೊಂದು ಗೆಲುವಾಗಿಯೇ ಉಳಿದುಬಿಡುತ್ತಿತ್ತು.

ಈಗ ಜರ್ಮನಿಗೆ ಬರೋಣ. ತೆಗೆದಿರಿಸುವುದನ್ನೇ ಬದುಕಾಗಿಸಿಕೊಂಡ ಒಬ್ಬ ವ್ಯಕ್ತಿ ಅಲ್ಲಿದ್ದರು, ಅರ್ನ್‌ಸ್ಟ್ ಫ್ರೀಡ್ರಿಶ್. 1894ರಲ್ಲಿ ಬ್ರೆಸ್ಲಾವ್ ಪಟ್ಟಣದಲ್ಲಿ, ಬಟ್ಟೆ ಒಗೆಯುವ ತಾಯಿಯ ಹದಿಮೂರನೇ ಮಗುವಾಗಿ ಹುಟ್ಟಿದವರು. ನಾಟಕದ ಗೀಳಿನಿಂದ ನಟರಾದರು. ಮೊದಲ ಮಹಾಯುದ್ಧಕ್ಕೆ ಕರೆ ಬಂದಾಗ ಸಮವಸ್ತ್ರ ಧರಿಸಲು ಒಪ್ಪಲಿಲ್ಲ. ಅವರನ್ನು ಹುಚ್ಚರ ಆಸ್ಪತ್ರೆಗೆ ಕಳಿಸಲಾಯಿತು. ಟ್ವೈನ್‌ರ ಕತೆಯ ಮುದುಕ ನೆನಪಾಗುವುದಿಲ್ಲವೇ? ಬಳಿಕ ಸೆರೆಮನೆಯನ್ನೂ ಕಂಡರು.

ಯುದ್ಧ ಮುಗಿದ ಮೇಲೆ ಅವರು ಚಿತ್ರಗಳನ್ನು ಸಂಗ್ರಹಿಸತೊಡಗಿದರು. ಸೈನ್ಯದ ಮತ್ತು ಆಸ್ಪತ್ರೆಗಳ ಕಡತಗಳಲ್ಲಿದ್ದ, ಯುದ್ಧ ನಡೆಯುವಾಗ ಯಾರೂ ಪ್ರಕಟಿಸಲು ಬಿಡದಿದ್ದ ಚಿತ್ರಗಳವು. 1924ರಲ್ಲಿ 180ಕ್ಕೂ ಹೆಚ್ಚು ಚಿತ್ರಗಳನ್ನು ಸೇರಿಸಿ ‘ಯುದ್ಧದ ವಿರುದ್ಧ ಯುದ್ಧ’ ಎಂಬ ಪುಸ್ತಕ ಹೊರತಂದರು. ಜರ್ಮನ್, ಇಂಗ್ಲಿಷ್, ಫ್ರೆಂಚ್, ಡಚ್ ಹೀಗೆ ನಾಲ್ಕು ಭಾಷೆಗಳಲ್ಲಿ ಅಡಿಬರಹ. ಯುದ್ಧದಲ್ಲಿ ಪರಸ್ಪರ ಕೊಂದವರ ಭಾಷೆಗಳು ಒಂದೇ ಪುಟದಲ್ಲಿ! ಅದರಲ್ಲಿ ಮುಖ ಛಿದ್ರಗೊಂಡ ಸೈನಿಕರ 24 ಚಿತ್ರಗಳಿವೆ. ಅವನ್ನು ಮಕ್ಕಳಿಗೆ ತೋರಿಸಿ ಎಂದು ನಾನು ಹೇಳಲಾರೆ. ನನಗೇ ನೋಡಲಾಗಲಿಲ್ಲ. ಜೊತೆಗೆ ಫ್ರೀಡ್ರಿಶ್‌ರ ಅಡಿಬರಹಗಳು ಕೆಲವೊಮ್ಮೆ ವಿಪರೀತ ಕೂಗಾಡುತ್ತವೆ. ಆ ಕೂಗಿಗಿಂತ ಡು ಬೋಯಿಸ್ ಬಯಸಿದ ಗೋಡೆಯ ಒಂದು ಚಿತ್ರವೇ ಹೆಚ್ಚು ಮಾತನಾಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದರೆ ಆ ಪುಸ್ತಕ ಆರಂಭವಾಗುವುದು ಹೆಣಗಳಿಂದಲ್ಲ. ಆಟಿಕೆಗಳಿಂದ. ಆಟಿಕೆ ಸೈನಿಕರು, ಆಟಿಕೆ ಫಿರಂಗಿಗಳು. ಯುದ್ಧ ಶುರುವಾಗುವುದು ಗಡಿಯಲ್ಲಲ್ಲ, ಮಕ್ಕಳ ಕೋಣೆಯಲ್ಲಿ ಎಂಬುದು ಅವರ ವಾದ. ಹಬ್ಬದ ದಿನ ಅಂಗಡಿ ಸಾಲಿನಲ್ಲಿ ಪ್ಲಾಸ್ಟಿಕ್ ಬಂದೂಕು ಕೊಡಿಸೆಂದು ಹಟ ಹಿಡಿದ ಮಗನಿಗೆ ನಾನೂ ಕೊಡಿಸಿದ್ದೇನೆ. ಫ್ರೀಡ್ರಿಶ್‌ರನ್ನು ಓದಿದ ಮೇಲೂ ಕೊಡಿಸಿದ್ದೇನೆ. ಅಳು ನಿಲ್ಲಿಸುವುದು ಅಷ್ಟು ಸುಲಭವಲ್ಲ, ಬಿಡಿ.

1925ರಲ್ಲಿ ಫ್ರೀಡ್ರಿಶ್ ಬರ್ಲಿನ್‌ನ ಹಳೆಯ ಮನೆಯೊಂದರಲ್ಲಿ ತಮ್ಮ ಸಂಗ್ರಹವನ್ನಿಟ್ಟು ಯುದ್ಧವಿರೋಧಿ ವಸ್ತುಸಂಗ್ರಹಾಲಯ ತೆರೆದರು. ಉಕ್ಕಿನ ಶಿರಸ್ತ್ರಾಣಗಳಿಗೆ ಮಣ್ಣು ತುಂಬಿ ಹೂವಿನ ಕುಂಡಗಳನ್ನಾಗಿಸಿದ್ದರು. 1933ರ ಮಾರ್ಚ್‌ನಲ್ಲಿ ನಾಜಿಗಳ ಪಡೆ ಅದನ್ನು ಧ್ವಂಸ ಮಾಡಿ ಆ ಮನೆಯನ್ನೇ ತನ್ನ ಠಾಣ್ಯವಾಗಿಸಿಕೊಂಡಿತು. ಫ್ರೀಡ್ರಿಶ್ ಆಗ ಬಂಧನದಲ್ಲಿದ್ದರು. ಬಿಡುಗಡೆಯಾದ ಮೇಲೆ ದೇಶ ಬಿಟ್ಟು, 1936ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಎರಡನೇ ಸಂಗ್ರಹಾಲಯ ತೆರೆದರು. 1940ರಲ್ಲಿ ಜರ್ಮನ್ ಸೈನ್ಯ ಅಲ್ಲಿಗೂ ಬಂತು. ಅದೂ ಹೋಯಿತು. ಆ ಬಳಿಕ ಫ್ರಾನ್ಸ್‌ನಲ್ಲಿ ಅವರು ನಾಜಿ ವಿರೋಧಿ ಪ್ರತಿರೋಧ ಪಡೆಯನ್ನು ಸೇರಿದರು. ಯುದ್ಧವನ್ನು ಒಲ್ಲೆನೆಂದು ಸೆರೆ ಕಂಡವರು ಕೊನೆಗೆ ಹೋರಾಟಗಾರರ ನಡುವೆ ನಿಲ್ಲಬೇಕಾಯಿತು. ಇದನ್ನು ಮುಚ್ಚಿಟ್ಟು ಅವರ ಕತೆ ಹೇಳಿದರೆ ನುಣುಪಾಗಿ ಕೇಳಿಸುತ್ತದೆ, ಆದರೆ ಪ್ರಾಮಾಣಿಕವಾಗುವುದಿಲ್ಲ. ಅವರು 1967ರ ಮೇ 2ರಂದು ಪ್ಯಾರಿಸ್ ಬಳಿ ನಿಧನರಾದರು. ಹದಿನೈದು ವರ್ಷಗಳ ಬಳಿಕ, 1982ರ ಅದೇ ಮೇ 2ರಂದು, ಅವರ ಮೊಮ್ಮಗ ಬರ್ಲಿನ್‌ನಲ್ಲಿ ಆ ಸಂಗ್ರಹಾಲಯವನ್ನು ಮತ್ತೆ ತೆರೆದರು. ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಒಂದು ಕುಟುಂಬ ಏನು ಮಾಡಬಲ್ಲದೆಂದು ಕೇಳುವವರಿಗೆ ನಾನು ಆ ಮೊಮ್ಮಗನನ್ನು ತೋರಿಸುತ್ತೇನೆ.

ನಮ್ಮ ಕಾಲದ ಒಬ್ಬರನ್ನೂ ನೆನೆಯಬೇಕು. ಲಂಡನ್ನಿನ ಸಂಸತ್ ಭವನದೆದುರು 2001ರ ಜೂನ್‌ನಲ್ಲಿ ಬ್ರಿಯನ್ ಹಾ ಎಂಬ ಬಡಗಿ ಬಂದು ಕುಳಿತರು. ಇರಾಕಿನ ಮೇಲಿನ ಆರ್ಥಿಕ ದಿಗ್ಬಂಧನದಿಂದ ಅಲ್ಲಿನ ಮಕ್ಕಳು ಸಾಯುತ್ತಿರುವುದನ್ನು ಪ್ರತಿಭಟಿಸಿ ಕುಳಿತವರು, ಯುದ್ಧ ಬಂದ ಮೇಲೂ ಏಳಲಿಲ್ಲ. ಜನರು ತಂದುಕೊಟ್ಟ ಫಲಕಗಳು, ಪತ್ರಗಳು, ಚಿತ್ರಗಳು, ಗೊಂಬೆಗಳು ಸೇರಿ ಅವರ ಸಾಲು ಸುಮಾರು ನಲವತ್ತು ಮೀಟರ್ ಬೆಳೆಯಿತು. 2006ರ ಮೇ 23ರ ರಾತ್ರಿ ಪೊಲೀಸರು ಬಂದು ಬಹುಭಾಗವನ್ನು ಹೊತ್ತೊಯ್ದರು. ಆದರೆ ಮಾರ್ಕ್ ವಾಲಿಂಜರ್ ಎಂಬ ಕಲಾವಿದರು ಅದಕ್ಕೆ ಮೊದಲೇ ಎಲ್ಲದರ ಛಾಯಾಚಿತ್ರ ತೆಗೆದಿಟ್ಟಿದ್ದರು. ಅವುಗಳ ಆಧಾರದಿಂದ 600ಕ್ಕೂ ಹೆಚ್ಚು ವಸ್ತುಗಳನ್ನು ಯಥಾವತ್ತಾಗಿ ಮರುರೂಪಿಸಿ 2007ರಲ್ಲಿ ಟೇಟ್ ಬ್ರಿಟನ್ ಕಲಾಶಾಲೆಯಲ್ಲಿ ಪ್ರದರ್ಶಿಸಿದರು. ಬೀದಿಯಲ್ಲಿ ಅಪರಾಧವಾದುದು ಒಳಗೆ ಕಲೆಯಾಯಿತು. ಹಾ ಅವರಿಗೆ ಏಳು ಮಕ್ಕಳು. ಹತ್ತು ವರ್ಷಗಳ ಆ ಧರಣಿಯ ನಡುವೆ ಅವರ ಸಂಸಾರ ಮುರಿಯಿತು. 2011ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರನ್ನು ನಾನು ಗೌರವಿಸುತ್ತೇನೆ, ಆದರೆ ಆ ದಾರಿಯನ್ನು ಮನೆಮಠವಿರುವ ಯಾರಿಗೂ ಸೂಚಿಸಲಾರೆ. 2016ರಲ್ಲಿ ಬ್ರಿಟನ್ನಿನ ಚಿಲ್ಕಾಟ್ ವರದಿ, ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕಿಳಿಯಲಾಗಿತ್ತು ಎಂದು ಹೇಳಿತು. ಬಡಗಿ ಫಲಕ ಹಿಡಿದು ಹೇಳಿದ್ದೂ ಅದನ್ನೇ.

ನನ್ನ ಪುಸ್ತಕಕ್ಕೆ ಮರಳುತ್ತೇನೆ. ಆ ಪತ್ರ ಸಿಕ್ಕ ಮೇಲೆ ನಾನು ಅದರಲ್ಲೇ ಕೆಲವು ಬರಹಗಳನ್ನು ಸೇರಿಸತೊಡಗಿದೆ. 2003ರ ಏಪ್ರಿಲ್‌ನಲ್ಲಿ ನಮ್ಮ ಲೋಕಸಭೆ ಆ ಯುದ್ಧವನ್ನು ಖಂಡಿಸಿದ ನಿರ್ಣಯದ ಸುದ್ದಿ, ಟ್ವೈನ್ ಬಗೆಗಿನ ಒಂದು ಲೇಖನ, ಹೀಗೆ. ಮಿತ್ರರೊಬ್ಬರು ನೋಡಿ ಬೇಸರಿಸಿದರು. ಸಚಿನ್, ದ್ರಾವಿಡ್ ಚಿತ್ರಗಳ ನಡುವೆ ಸತ್ತವರ ಸುದ್ದಿಯೇ, ಇದು ಗಂಭೀರ ಕೆಲಸವೇ ಎಂದರು. ಬೇರೆ ಪುಸ್ತಕ ಮಾಡಲು ನನಗೂ ಮೊದಲು ಅನ್ನಿಸಿತ್ತು. ಮಾಡಲಿಲ್ಲ. ನಾನು ಪ್ರೀತಿಯಿಂದ ಕಾಪಾಡಿದ್ದು ಕ್ರಿಕೆಟ್ಟನ್ನು. ಆ ತಾಯಿಯ ಪತ್ರ ಉಳಿದದ್ದು ಅದರ ಬೆನ್ನಿಗಂಟಿಕೊಂಡು. ಗಂಭೀರ ಕಾಗದಗಳೆಲ್ಲ ಆಗಲೇ ತಕ್ಕಡಿಗೆ ಹೋಗಿದ್ದವು.

ಒಂದು ನಿಯಮ ಮಾತ್ರ ಇಟ್ಟುಕೊಂಡಿದ್ದೇನೆ. ಸೇರಿಸುವ ಪ್ರತಿಯೊಂದಕ್ಕೂ ಪತ್ರಿಕೆಯ ಹೆಸರು, ತಾರೀಕು, ಪುಟಸಂಖ್ಯೆಯನ್ನು ಶಾಯಿಯಲ್ಲಿ ಬರೆಯುತ್ತೇನೆ. ಮೊಬೈಲಿನಲ್ಲಿ ದಿನವೂ ಬಂದು ಬೀಳುವ, ಎಲ್ಲಿಯದು ಯಾವಾಗಿನದು ಎಂದು ತಿಳಿಯದ ಚಿತ್ರಗಳನ್ನು ಸೇರಿಸುವುದಿಲ್ಲ. ಅವು ನಮ್ಮ ಪರವಾಗಿದ್ದರೂ ಸರಿ, ಸೇರಿಸುವುದಿಲ್ಲ. ಒಂದು ಸುಳ್ಳು ಚಿತ್ರ ಹೊಕ್ಕರೆ ನೂರು ನಿಜ ಚಿತ್ರಗಳ ಬೆಲೆ ಹೋಗುತ್ತದೆ.

ಆ ಪತ್ರದ ಉಳಿದ ಸಾಲುಗಳಿಗಾಗಿ ಪತ್ರಿಕೆಯ ಕಚೇರಿಗೂ ಹೋಗಿದ್ದೆ. ಮರ್ಯಾದೆಯಿಂದಲೇ ಕೂರಿಸಿ ಚಹಾ ಕೊಟ್ಟರು. ಆದರೆ ಆ ವರ್ಷದ ಸಂಪುಟಗಳು ಮಳೆಯ ನೀರು ನುಗ್ಗಿ ಹಾಳಾದವಂತೆ. ಇನ್ನೆರಡು ಗ್ರಂಥಾಲಯಗಳಲ್ಲಿ ವಿಚಾರಿಸಿದೆ. ನಮ್ಮ ಜಿಲ್ಲೆಯ ಆವೃತ್ತಿಯನ್ನು ಅಲ್ಲಿ ಇಟ್ಟಿಲ್ಲ.

ಆದ್ದರಿಂದ ಸೋದರಿಯರೇ, ಸೋದರರೇ, ಈ ಭಾಷಣಕ್ಕೆ ಒಪ್ಪಿಕೊಳ್ಳಲು ನನಗೊಂದು ಸ್ವಾರ್ಥವೂ ಇತ್ತು. ಪತ್ರದ ನೆರಳಚ್ಚು ಪ್ರತಿಗಳನ್ನು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿವೆ. ಪತ್ರಿಕೆಯ ಹೆಸರನ್ನು ಅದರಲ್ಲೇ ಬರೆದಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲೋ, ಟ್ರಂಕಿನ ತಳದಲ್ಲೋ, ಕಪಾಟಿಗೆ ಹಾಸಿದ ಕಾಗದವಾಗಿಯೋ 2003ರ ಮಾರ್ಚ್ 24ರ ಆ ಸಂಚಿಕೆ ಇದ್ದರೆ ದಯವಿಟ್ಟು ತಿಳಿಸಿ. ಆ ತಾಯಿಯೇ ಈ ಊರಿನವರಾಗಿರಲೂಬಹುದು, ಈಗ ಅವರಿಗೆ ವಯಸ್ಸಾಗಿರುತ್ತದೆ. ಮಗ ಕುವೈತ್‌ನಿಂದ ಸುಖವಾಗಿ ಬಂದನೇ ಎಂದು ನನ್ನ ಮಗಳು ಈಗಲೂ ಕೇಳುತ್ತಿರುತ್ತಾಳೆ.